ಕ್ರೇನ್ ಬಾಸ್ಕೆಟ್, ಬೂಮ್ ಲಿಫ್ಟ್, ಸಾರುವೆ, ಗೊಂಡೋಲಾ, ಹಗ್ಗ: ಎತ್ತರದ ಕೆಲಸಕ್ಕೆ ಜನರನ್ನು ಯಾವುದರಲ್ಲಿ ಹತ್ತಿಸಬೇಕು?

30 ಮೀಟರ್ ಮೇಲೆ ನಾಲ್ಕು ಬೋಲ್ಟ್ ಬಿಗಿ ಮಾಡಬೇಕು. ಅರ್ಧ ಗಂಟೆಯ ಕೆಲಸ. ಪಕ್ಕದಲ್ಲೇ ಕ್ರೇನ್ ನಿಂತಿದೆ, ಅದರ ಬಾಡಿಗೆ ಹೇಗೂ ಓಡುತ್ತಿದೆ. ಬೆಳಗಿನ ಮೀಟಿಂಗಿನಲ್ಲಿ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಮ್ಯಾನ್ ಬಾಸ್ಕೆಟ್ ಕಟ್ಟಿ ಎತ್ತಿಬಿಡೋಣ ಸಾರ್, ಇಷ್ಟಕ್ಕೆಲ್ಲ ಸ್ಕಾಫೋಲ್ಡಿಂಗ್ ಯಾಕೆ?"

ಮ್ಯಾನ್ ಬಾಸ್ಕೆಟ್ ಎಂದರೆ ಕ್ರೇನಿನ ಹುಕ್ಕಿಗೆ ತೂಗುಹಾಕಿ ಜನರನ್ನು ಎತ್ತುವ ಬುಟ್ಟಿ. ಕೇಳೋಕೆ ಸರಿ ಅನ್ನಿಸುತ್ತದೆ. ಆದರೆ ಆ ಮಾತಿನ ಹಿಂದಿರುವ ಕಾರಣ ಒಂದೇ: ಕ್ರೇನ್ ಅಲ್ಲೇ ಇದೆ. ಕ್ರೇನ್ ಮಾಡಿರುವುದು ಸಾಮಾನು ಎತ್ತಲು. ಅದಕ್ಕೆ ಜನರನ್ನು ತೂಗುಹಾಕಲು ಬೇರೆಯೇ ಕಾರಣ ಬೇಕು. ಆ ಕಾರಣ ಯಾವಾಗ ಇರುತ್ತದೆ, ಯಾವಾಗ ಇರುವುದಿಲ್ಲ, ಇಲ್ಲದಾಗ ಬೇರೆ ಏನು ಸಿಗುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ಹೋಲಿಸುವಾಗ ನಾನು ಮೊದಲು ಬಾಡಿಗೆ ರೇಟು ನೋಡುವುದಿಲ್ಲ. ಎರಡು ಪ್ರಶ್ನೆ ಕೇಳುತ್ತೇನೆ. ಮೇಲಿರುವವನ ಚಲನೆ ಯಾರ ಕೈಯಲ್ಲಿದೆ? ಮಷಿನ್ ಕೆಟ್ಟು ನಿಂತರೆ ಅವನು ಕೆಳಗೆ ಬರುವುದು ಹೇಗೆ? ಈ ಎರಡಕ್ಕೆ ಉತ್ತರ ಸಿಕ್ಕಿದರೆ ಮುಕ್ಕಾಲು ಪಾಲು ಆಯ್ಕೆ ಮುಗಿದ ಹಾಗೆ. ಕ್ರೇನ್ ಬಾಸ್ಕೆಟ್ ಎರಡರಲ್ಲೂ ಕೊನೆಯ ಸ್ಥಾನಕ್ಕೆ ಬರುತ್ತದೆ.

ಕಾನೂನು ಏನು ಹೇಳುತ್ತದೆ

ಈ ವಿಷಯದಲ್ಲಿ ಬಹಳ ವಿವರವಾಗಿರುವುದು ಕಾರ್ಮಿಕರ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ ಓಶಾದ ನಿಯಮ. 2010ರಲ್ಲಿ ಕ್ರೇನ್‌ಗಳ ನಿಯಮಗಳನ್ನೆಲ್ಲ ಹೊಸದಾಗಿ ಬರೆದಾಗ, ಕ್ರೇನಿನಿಂದ ಜನರನ್ನು ಎತ್ತುವುದಕ್ಕೆ 1926.1431 ಎಂಬ ಪ್ರತ್ಯೇಕ ವಿಭಾಗವನ್ನೇ ಇಟ್ಟರು. ಗಲ್ಫ್‌ನಲ್ಲಿ ತೈಲ ಕಂಪನಿಗಳ ಸೈಟಿನಲ್ಲಿ ದುಡಿದು ಬಂದ ನಮ್ಮ ಕರಾವಳಿಯ ಎಷ್ಟೋ ಜನಕ್ಕೆ ಈ ರೀತಿಯ ಲೆಕ್ಕಾಚಾರ ಬಾಯಿಪಾಠ. ಆ ನಿಯಮ ಶುರುವಾಗುವುದೇ 'ಮಾಡಬಾರದು' ಎಂದು. ಆಮೇಲೆ ಒಂದು ವಿನಾಯಿತಿ ಕೊಡುತ್ತದೆ. ಏಣಿ, ಮೆಟ್ಟಿಲು, ಹಾಯಿಸ್ಟ್ (ಸೈಟಿನ ಲಿಫ್ಟ್), ಏರಿಯಲ್ ಲಿಫ್ಟ್ (ಬೂಮ್ ಲಿಫ್ಟಿನಂಥವು), ಸ್ಕಾಫೋಲ್ಡಿಂಗ್ (ಸಾರುವೆ) ಇಂಥವುಗಳನ್ನು ಕಟ್ಟುವುದು, ಬಳಸುವುದು, ಬಿಚ್ಚುವುದು ಬಾಸ್ಕೆಟ್‌ಗಿಂತ ಹೆಚ್ಚು ಅಪಾಯ ಎಂದು ತೋರಿಸಬೇಕು. ಇಲ್ಲವೇ ಕಟ್ಟಡದ ರಚನೆಯಿಂದಲೋ ಜಾಗದ ಸ್ಥಿತಿಯಿಂದಲೋ ಅವು ಸಾಧ್ಯವೇ ಇಲ್ಲ ಎಂದು ತೋರಿಸಬೇಕು. ಆಗ ಮಾತ್ರ ಬಾಸ್ಕೆಟ್.

ಗಮನಿಸಿ, 'ದುಬಾರಿ' ಎಂಬ ಕಾರಣ ಅಲ್ಲಿ ಇಲ್ಲವೇ ಇಲ್ಲ. 'ಲೇಟಾಗುತ್ತೆ' ಎಂಬುದೂ ಇಲ್ಲ.

ನಮ್ಮಲ್ಲಿ ಕಟ್ಟಡ ಕಾರ್ಮಿಕರಿಗೆ ಸಂಬಂಧಿಸಿದ 1998ರ ಕೇಂದ್ರ ನಿಯಮಗಳ ದಾರಿಯೂ ಹೆಚ್ಚುಕಡಿಮೆ ಇದೇ. ಹಾಯಿಸ್ಟ್ ಅಥವಾ ತೂಗು ಸಾರುವೆ ಬಳಸಲು ಆಗದ ಕಡೆ ಮಾತ್ರ, ಅದೂ ಕೆಲವು ಷರತ್ತುಗಳ ಮೇಲೆ, ಎತ್ತುವ ಯಂತ್ರದಲ್ಲಿ ಜನರನ್ನು ಒಯ್ಯಬಹುದು. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯಲ್ಲಿ ಇನ್ನೊಂದು ಸ್ವಾರಸ್ಯ ಇತ್ತು. 28ನೇ ಸೆಕ್ಷನ್ ಪ್ರಕಾರ ಹಾಯಿಸ್ಟ್ ಮತ್ತು ಲಿಫ್ಟ್‌ಗಳನ್ನು 6 ತಿಂಗಳಿಗೊಮ್ಮೆ ಪೂರ್ತಿ ಪರೀಕ್ಷೆ ಮಾಡಿಸಬೇಕಿತ್ತು. 29ನೇ ಸೆಕ್ಷನ್ನಿನಲ್ಲಿ ಕ್ರೇನಿನಂಥ ಯಂತ್ರಗಳಿಗೆ 12 ತಿಂಗಳು. ಅಂದರೆ ಸಾಮಾನು ಎತ್ತಲು ವರ್ಷಕ್ಕೊಮ್ಮೆ ನೋಡಿಸಿಕೊಂಡ ಕ್ರೇನಿಗೆ ನಾವು ಜನರನ್ನು ಕಟ್ಟುತ್ತಾ ಬಂದಿದ್ದೇವೆ. ಎತ್ತುವ ಸಾಧನಗಳ ಬಗ್ಗೆ ಬ್ರಿಟನ್ನಿನಲ್ಲಿರುವ 1998ರ ಲೋಲರ್ ನಿಯಮದಲ್ಲಿ ಇದಕ್ಕೆ ನೇರ ಉತ್ತರ ಇದೆ: ಜನರನ್ನು ಎತ್ತುವ ಸಾಧನ ಯಾವುದೇ ಇರಲಿ, ಸಾಮಾನ್ಯವಾಗಿ 6 ತಿಂಗಳಿಗೊಮ್ಮೆ ಪರೀಕ್ಷೆ. ನಮ್ಮ ಸೈಟಿನಲ್ಲೂ ಬಾಸ್ಕೆಟ್ ಎತ್ತುವ ಕ್ರೇನಿಗೆ ಆರು ತಿಂಗಳ ಒಳಗಿನ ಸರ್ಟಿಫಿಕೇಟ್ ಕೇಳುವುದು ಒಳ್ಳೆಯದು.

ಸಾರುವೆ

ಸಾಧನಕ್ಕೆ ಹೋಗುವ ಮುಂಚೆ ಒಂದು ಮಾತು. ಕೆಲಸವನ್ನೇ ಕೆಳಗೆ ತರಲು ಆಗುತ್ತದೆಯಾ ನೋಡಿ. ಟ್ರಸ್‌ನ ಬೋಲ್ಟಿಂಗ್, ಪೇಂಟಿಂಗ್ ನೆಲದ ಮೇಲೆ ಮುಗಿಸಿ ಎತ್ತಿದರೆ ಮೇಲೆ ಉಳಿಯುವುದು ನಾಲ್ಕು ಜಾಯಿಂಟ್ ಮಾತ್ರ. ಚಿಮಣಿಯ ಬಿರುಕು ಸುಮ್ನೆ ನೋಡುವುದಾದರೆ ಡ್ರೋನ್ ಸಾಕು.

ಇನ್ನು ಸಾರುವೆ. ಇದರ ಮೇಲೆ ನಿಂತವನನ್ನು ಬೇರೆ ಯಾರೂ ಅಲ್ಲಾಡಿಸುವುದಿಲ್ಲ. ಕರೆಂಟ್ ಹೋದರೂ ಡೀಸೆಲ್ ಮುಗಿದರೂ ಅವನು ಏಣಿ ಹಿಡಿದು ಇಳಿದು ಬರುತ್ತಾನೆ. ಒಂದೇ ಜಾಗದಲ್ಲಿ ಮೂರು ದಿನಕ್ಕಿಂತ ಜಾಸ್ತಿ ಕೆಲಸ, ನಾಲ್ಕಾರು ಜನ, ಭಾರದ ಸಾಮಾನು ಇದ್ದರೆ ಬೇರೆ ಯೋಚನೆಯೇ ಬೇಡ. ಕಪ್‌ಲಾಕ್ (ಪೈಪುಗಳನ್ನು ಬಟ್ಟಲಿನಂಥ ಕೊಂಡಿಯಲ್ಲಿ ಬಿಗಿಯುವ ಸಾರುವೆ) ಕಟ್ಟಿಸಿ.

ತೊಂದರೆ ಇರುವುದು ಕಟ್ಟುವಾಗ ಮತ್ತು ಬಿಚ್ಚುವಾಗ. ಅರ್ಧ ಗಂಟೆಯ ಬೋಲ್ಟ್ ಕೆಲಸಕ್ಕೆ 30 ಮೀಟರ್ ಸಾರುವೆ ಎಂದರೆ, ಕಟ್ಟುವ ಗ್ಯಾಂಗು ಎರಡು ದಿನ ಅಂಚಿನಲ್ಲಿ ನಿಂತು ಪೈಪು ಹಿಡಿದಿರಬೇಕು. ಆ ಅಪಾಯ ಬೋಲ್ಟ್ ಬಿಗಿಯುವವನ ಅಪಾಯಕ್ಕಿಂತ ದೊಡ್ಡದು. ಓಶಾ ನಿಯಮ 'ಕಟ್ಟುವುದು, ಬಳಸುವುದು, ಬಿಚ್ಚುವುದು' ಎಂದು ಮೂರನ್ನೂ ಸೇರಿಸಿ ತೂಗಲು ಹೇಳುವುದು ಇದಕ್ಕೇ. ಸಾರುವೆ ಸೋಲುವುದು ಇಂಥ ಕಡೆ.

ಚಕ್ರದ ಟವರ್ ಬಗ್ಗೆ ಒಂದೇ ಮಾತು. ತಳದ ಅಗಲದ 4 ಪಟ್ಟಿಗಿಂತ ಎತ್ತರ ಹೋದರೆ ಅದು ಉರುಳದ ಹಾಗೆ ಕಟ್ಟಿ ಬಿಗಿಯಲೇಬೇಕು ಎನ್ನುತ್ತದೆ ಓಶಾ. ಮೇಲೆ ಆಳು ನಿಂತಿರುವಾಗಲೇ ತಳ್ಳಿಕೊಂಡು ಹೋಗುವುದು ನಮ್ಮಲ್ಲಿ ದಿನಾ ಕಾಣುವ ದೃಶ್ಯ. ಅದನ್ನು ಕಂಡ ಕೂಡಲೇ ನಿಲ್ಲಿಸಿ.

ಬೂಮ್ ಲಿಫ್ಟ್, ಸಿಜರ್ ಲಿಫ್ಟ್

ಕ್ರೇನ್ ಬಾಸ್ಕೆಟ್‌ಗೆ ನೇರ ಎದುರಾಳಿ ಎಂದರೆ ಬೂಮ್ ಲಿಫ್ಟ್, ಅಂದರೆ ಉದ್ದ ತೋಳಿನ ತುದಿಯಲ್ಲಿ ಬಾಸ್ಕೆಟ್ ಇರುವ ಚಕ್ರದ ಮಷಿನ್. ಬಹಳ ಸಲ ಗೆಲ್ಲಬೇಕಾದ್ದೂ ಅದೇ. ಇದನ್ನು ಮಾಡಿರುವುದೇ ಜನರನ್ನು ಎತ್ತಲು. ಲಿವರ್ ಬಾಸ್ಕೆಟ್ಟಿನ ಒಳಗೇ ಇರುತ್ತದೆ. ಕೆಲಸ ಮಾಡುವವನೇ ತನಗೆ ಬೇಕಾದಷ್ಟು, ಬೇಕಾದ ಕಡೆ ಸರಿಯುತ್ತಾನೆ. ಮೇಲೆ ಅವನಿಗೆ ತಲೆಸುತ್ತು ಬಂದರೆ ಕೆಳಗಿನ ಕಂಟ್ರೋಲ್‌ನಿಂದ ಇನ್ನೊಬ್ಬರು ಇಳಿಸಬಹುದು. ಇಂಜಿನ್ ಸತ್ತರೆ ತುರ್ತು ಪಂಪು ಇದೆ. ನನ್ನ ಎರಡೂ ಪ್ರಶ್ನೆಗೆ ಮಷಿನ್ನಿನಲ್ಲೇ ಉತ್ತರ ಇದೆ, ಅಲ್ವಾ?

ಬಾಡಿಗೆಗೆ ಸುಲಭವಾಗಿ ಸಿಗುವುದು 60, 80 ಅಡಿಯವು. ದೊಡ್ಡವು 185 ಅಡಿವರೆಗೂ, ಅಂದರೆ 56 ಮೀಟರಿನವರೆಗೂ ಹೋಗುತ್ತವೆ. ಹೆಚ್ಚಿನವುಗಳಲ್ಲಿ ಬಾಸ್ಕೆಟ್ ಸಾಮರ್ಥ್ಯ 230 ಕೆಜಿ ಆಸುಪಾಸು. ಇಬ್ಬರು ಆಳು, ಅವರ ಟೂಲ್ಸ್, ಅಷ್ಟೇ. ಮೂರನೆಯವನು 'ನೋಡಿಕೊಂಡು ಬರ್ತೀನಿ' ಎಂದು ಹತ್ತುವ ಹಾಗಿಲ್ಲ.

ಬೂಮ್ ಲಿಫ್ಟ್‌ಗೆ ಬೇಕಾದ್ದು ಗಟ್ಟಿಯಾದ, ಸಮವಾದ ನೆಲ. ದೊಡ್ಡ ಮಷಿನ್‌ಗಳ ತೂಕ 20 ಟನ್ ದಾಟುತ್ತದೆ, ಅದೆಲ್ಲ ನಾಲ್ಕು ಚಕ್ರದ ಮೇಲೆ ಬೀಳುತ್ತದೆ. ಗದಗ, ವಿಜಯಪುರದ ಎರೆ ಭೂಮಿಯಲ್ಲಿ ಎರಡು ಮಳೆ ಬಿದ್ದ ಮೇಲೆ ಇದನ್ನು ತಂದು ನಿಲ್ಲಿಸಿದರೆ ಟಿಲ್ಟ್ ಅಲಾರಂ ಕೂಗುವುದು ಖಂಡಿತ. ಸ್ಟೀಲ್ ಪ್ಲೇಟ್ ಹಾಸಿ ದಾರಿ ಮಾಡಬೇಕು, ಇಲ್ಲವೇ ಬೇರೆ ಸಾಧನ ನೋಡಬೇಕು. ಹೊಸದಾಗಿ ಮುಚ್ಚಿದ ಕಾಲುವೆ, ಪೈಪ್ ಲೈನಿನ ಗುಂಡಿ, ಸಂಪಿನ ಸ್ಲ್ಯಾಬು ಇವು ಇನ್ನೂ ಕೆಟ್ಟವು. ಮೇಲ್ನೋಟಕ್ಕೆ ಗಟ್ಟಿ ಕಾಣುತ್ತವೆ.

ಬೀಮುಗಳ ನಡುವೆ ಬಾಸ್ಕೆಟ್ ಏರಿಸುವಾಗ ಇನ್ನೊಂದು ಅಪಾಯ. ತಲೆಯ ಮೇಲಿನ ಬೀಮ್ ನೋಡದೆ ಏರಿಸಿದವನು ಬೀಮಿಗೂ ಕಂಟ್ರೋಲ್ ಪ್ಯಾನೆಲ್ಲಿಗೂ ಮಧ್ಯೆ ಸಿಕ್ಕಿಕೊಳ್ಳುತ್ತಾನೆ. ಅವನ ಎದೆಯೇ ಲಿವರ್ ಒತ್ತಿಕೊಂಡಿರುತ್ತದೆ, ಮಷಿನ್ ನಿಲ್ಲುವುದಿಲ್ಲ. ಅದಕ್ಕೇ ಕೆಳಗಿನ ಕಂಟ್ರೋಲ್ ಗೊತ್ತಿರುವ ಒಬ್ಬರು ಯಾವಾಗಲೂ ನೆಲದ ಮೇಲೆ ಇರಬೇಕು. ಬೆಲ್ಟಿನ ಹಗ್ಗ ಗಿಡ್ಡ ಇರಬೇಕು, ಬಾಸ್ಕೆಟ್ಟಿನ ಕೊಂಡಿಗೇ ಹಾಕಬೇಕು. ಚಕ್ರ ಒಂದು ಹಳ್ಳಕ್ಕೆ ಇಳಿದರೆ ಮೇಲಿನ ತುದಿ ಜೋರಾಗಿ ಚಿಮ್ಮುತ್ತದೆ, ಬೆಲ್ಟ್ ಇಲ್ಲದವನು ಹೊರಗೆ ಹಾರುತ್ತಾನೆ.

ಸಿಜರ್ ಲಿಫ್ಟ್ ನೇರ ಮೇಲೆ, ನೇರ ಕೆಳಗೆ ಮಾತ್ರ. ಶೆಡ್ಡಿನ ಒಳಗೆ ಡಕ್ಟ್, ಲೈಟು, ಸ್ಪ್ರಿಂಕ್ಲರ್ ಕೆಲಸಕ್ಕೆ ಇದಕ್ಕಿಂತ ಚೆನ್ನಾಗಿರುವುದು ಇಲ್ಲ. ಎಲೆಕ್ಟ್ರಿಕ್ ಸಿಜರ್‌ಗಳಲ್ಲಿ ಕೆಲವು ಒಳಗಿನ ಬಳಕೆಗೆ ಮಾತ್ರ, ಅವುಗಳ ಪ್ಲೇಟಿನ ಮೇಲೆ ಗಾಳಿ 0 ಎಂದೇ ಬರೆದಿರುತ್ತದೆ. ಹೊರಗಿನವುಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 12.5 ಮೀಟರ್ ಎಂದಿರುತ್ತದೆ. ಆ ಪ್ಲೇಟನ್ನು ಓದದೆ ಅಂಗಳಕ್ಕೆ ತರಬೇಡಿ.

ಗೊಂಡೋಲಾ ಮತ್ತು ಹಗ್ಗ

ಅಪಾರ್ಟ್‌ಮೆಂಟಿನ ಹೊರಗೋಡೆಗೆ ಬಣ್ಣ, ಗ್ಲಾಸ್ ಕೂರಿಸುವುದು, ಪ್ಲಾಸ್ಟರ್ ರಿಪೇರಿ, ಇವಕ್ಕೆಲ್ಲ ಗೊಂಡೋಲಾ, ಅಂದರೆ ಟೆರೇಸಿನಿಂದ ಹಗ್ಗದಲ್ಲಿ ತೂಗುವ ವೇದಿಕೆ. ಕೆಲವರು ಜೂಲಾ ಅನ್ನುತ್ತಾರೆ. ನಮ್ಮ ಊರುಗಳಲ್ಲಿ ಹೆಚ್ಚು ಕಾಣುವುದು ಝಡ್‌ಎಲ್‌ಪಿ 630 ಎಂಬ ಮಾದರಿ. 6 ಮೀಟರ್ ಉದ್ದ, 630 ಕೆಜಿ ಸಾಮರ್ಥ್ಯ. ಎರಡೂ ತುದಿಯಲ್ಲಿ ಒಂದು ಕೆಲಸದ ಹಗ್ಗ, ಒಂದು ಸುರಕ್ಷತೆಯ ಹಗ್ಗ, ಎರಡೂ ಉಕ್ಕಿನವು. ಒಂದು ತುದಿ ಜಾರಿ ವೇದಿಕೆ ವಾಲಿದರೆ ಸೇಫ್ಟಿ ಲಾಕ್ ಎರಡನೇ ಹಗ್ಗವನ್ನು ಕಚ್ಚಿ ಹಿಡಿಯುತ್ತದೆ. ಬಟನ್ ಕೆಲಸ ಮಾಡುವವರ ಕೈಯಲ್ಲೇ ಇದೆ. ಕರೆಂಟ್ ಹೋದರೆ ಮೋಟಾರಿನ ಬ್ರೇಕನ್ನು ಕೈಯಿಂದ ಬಿಟ್ಟು ನಿಧಾನ ಇಳಿಯಬಹುದು.

ಎಡವಟ್ಟು ಆಗುವುದು ಮೇಲೆ, ಟೆರೇಸಿನಲ್ಲಿ. ಅಲ್ಲಿ ವೇದಿಕೆ ತೂಗುವ ತೊಲೆಯನ್ನು ಹಿಂದಿನಿಂದ ಒತ್ತಿಹಿಡಿಯುವ ಕೌಂಟರ್‌ವೇಟ್ ಬ್ಲಾಕುಗಳಿರುತ್ತವೆ. ಅವನ್ನು ಯಾರೋ ಬೇರೆ ಕೆಲಸಕ್ಕೆ ಎತ್ತಿಕೊಂಡು ಹೋಗಿರುತ್ತಾರೆ, ಇಲ್ಲವೇ ಅವುಗಳ ಬದಲು ಮರಳಿನ ಚೀಲ ಇಟ್ಟಿರುತ್ತಾರೆ. ಚೀಲ ಹರಿದು ಮರಳು ಸೋರಿದರೆ ಕೆಳಗಿರುವವನಿಗೆ ಗೊತ್ತೂ ಆಗುವುದಿಲ್ಲ. ಹಾಗಾಗಿ ಟೆರೇಸಿಗೆ ಬೀಗ ಹಾಕಿ, ಬೆಳಿಗ್ಗೆ ಬ್ಲಾಕು ಎಣಿಸಿಯೇ ಜನರನ್ನು ಹತ್ತಿಸಿ. ಪ್ರತಿಯೊಬ್ಬರ ಬೆಲ್ಟೂ ವೇದಿಕೆಗೆ ಸಂಬಂಧವಿಲ್ಲದ, ಟೆರೇಸಿನಿಂದ ಬೇರೆಯಾಗಿ ಇಳಿಬಿಟ್ಟ ಲೈಫ್‌ಲೈನಿಗೆ ಇರಬೇಕು.

ಹಗ್ಗದ ಮೇಲೆ ಕೆಲಸ ಮಾಡುವ ರೋಪ್ ಆಕ್ಸೆಸ್ ವಿಷಯಕ್ಕೆ ಬಂದರೆ, ಹೊರಗಿನಿಂದ ನೋಡುವವರಿಗೆ ಎದೆ ಝಲ್ಲೆನ್ನುತ್ತದೆ. ಆದರೆ ಸರಿಯಾಗಿ ತರಬೇತಿ ಆದವರ ಕೈಯಲ್ಲಿ ಇದು ಕ್ರೇನ್ ಬಾಸ್ಕೆಟ್‌ಗಿಂತ ಎಷ್ಟೋ ಹಿಡಿತದಲ್ಲಿರುವ ಕೆಲಸ. ಎರಡು ಹಗ್ಗ, ಎರಡು ಬೇರೆ ಬೇರೆ ಆಂಕರ್, ಒಬ್ಬನೇ ಯಾವತ್ತೂ ಹೋಗುವ ಹಾಗಿಲ್ಲ, ತಂಡದಲ್ಲಿ ರಕ್ಷಣೆ ಗೊತ್ತಿರುವ ಮೇಲ್ವಿಚಾರಕ ಇರಲೇಬೇಕು. ಈ ಕೆಲಸದ ಅಂತರರಾಷ್ಟ್ರೀಯ ಸಂಸ್ಥೆ ಐರಾಟಾದ ಮೂರು ಹಂತದ ಸರ್ಟಿಫಿಕೇಟ್ ಇದೆ. ಮೂರನೇ ಹಂತದವರು ಸ್ಥಳದಲ್ಲಿ ಇದ್ದಾರಾ ಎಂದು ಕೇಳಿ. ಭಾರದ ಸಾಮಾನಿನ ಕೆಲಸ ಇದರಲ್ಲಿ ಆಗುವುದಿಲ್ಲ. ಸೇಫ್ಟಿ ಬೆಲ್ಟ್ ಹಾಕಿ ನೈಲಾನ್ ಹಗ್ಗದಲ್ಲಿ ಇಳಿಯುವ ಪೇಂಟರನ್ನು ಇದಕ್ಕೆ ಸೇರಿಸಬೇಡಿ. ಅದು ಬರೀ ಧೈರ್ಯ.

ಹಾಗಾದರೆ ಕ್ರೇನ್ ಬಾಸ್ಕೆಟ್ ಎಲ್ಲಿ?

ಇದೆ, ಅದಕ್ಕೂ ಜಾಗ ಇದೆ. ನೆಲವೇ ಇಲ್ಲದ ಕಡೆ, ಉದಾಹರಣೆಗೆ ಶರಾವತಿ ಹಿನ್ನೀರಿನಂಥ ಜಾಗದಲ್ಲಿ ಸೇತುವೆ ಕಟ್ಟುವಾಗ, ಕಂಬದ ಹೊರಮೈಗೆ ಹೋಗಬೇಕಾದರೆ ಬೂಮ್ ಲಿಫ್ಟ್ ಎಲ್ಲಿ ನಿಲ್ಲಿಸುತ್ತೀರಿ? ಆಳವಾದ ಶಾಫ್ಟಿನ ಗೋಡೆಯ ಮಧ್ಯದಲ್ಲಿ ಏನೋ ಕೆಲಸ, ಮೆಟ್ಟಿಲು ಇನ್ನೂ ಬಂದಿಲ್ಲ. ರಿಫೈನರಿಯ ಶಟ್‌ಡೌನಿನಲ್ಲಿ 70 ಮೀಟರ್ ಮೇಲಿನ ಸ್ಟಾಕ್ (ಚಿಮಣಿ) ತುದಿಗೆ ಹೋಗಬೇಕು, ಅಷ್ಟು ಎತ್ತರಕ್ಕೆ ಬೂಮ್ ಲಿಫ್ಟ್ ಮುಟ್ಟುವುದಿಲ್ಲ, ಸಾರುವೆ ಕಟ್ಟುವುದೇ ದೊಡ್ಡ ಅಪಾಯ. ಮೇಲೆ ಸಿಕ್ಕಿಕೊಂಡ ಗಾಯಾಳುವನ್ನು ಸ್ಟ್ರೆಚರ್ ಸಮೇತ ಇಳಿಸಬೇಕು. ಇಂಥ ಕಡೆ ಬಾಸ್ಕೆಟ್ ನಿಜಕ್ಕೂ ಸರಿಯಾದ ಆಯ್ಕೆ.

ಆದರೆ ಇಲ್ಲಿ ಮೇಲಿರುವವನ ಕೈಯಲ್ಲಿ ಏನೂ ಇಲ್ಲ. ಲಿವರ್ ಹಿಡಿದ ಆಪರೇಟರ್ 40 ಮೀಟರ್ ದೂರದ ಕ್ಯಾಬಿನ್ನಿನಲ್ಲಿದ್ದಾನೆ. ಇಂಜಿನ್ ಕೈಕೊಟ್ಟರೆ ಬಾಸ್ಕೆಟ್ ಅಲ್ಲೇ ತೂಗುತ್ತದೆ. ಹಾಗಾಗಿ ಬೇರೆ ಸಾಧನಗಳಲ್ಲಿ ಮಷಿನ್ ತಾನಾಗಿ ಕೊಡುವ ಭದ್ರತೆಯನ್ನು ಇಲ್ಲಿ ನಾವು ಒಂದೊಂದಾಗಿ ಸೇರಿಸಬೇಕು. ಮುಂದಿನ ವಿವರಗಳೆಲ್ಲ ಅದಕ್ಕೇ.

ಮೊದಲು ಕ್ರೇನ್. ಹೈಡ್ರಾ ಬೇಡ. ನಮ್ಮ ಸೈಟುಗಳಲ್ಲಿ ಹೈಡ್ರಾದ ಹುಕ್ಕಿಗೆ ಜನ ನೇತಾಡುವುದು ಎಷ್ಟು ಮಾಮೂಲಿ ಎಂದರೆ, ಬೇಡ ಎಂದರೆ ಜನ ಆಶ್ಚರ್ಯ ಪಡುತ್ತಾರೆ. ಅದು ಸಾಮಾನು ಎತ್ತಿಕೊಂಡು ನಡೆಯುವ ಕ್ರೇನ್. ಟೈರಿನ ಮೇಲೆಯೇ ನಿಂತಿರುತ್ತದೆ, ನಡು ತಿರುಗಿಸಿದರೆ ಸಮತೋಲ ಬದಲಾಗುತ್ತದೆ. ಬಾಸ್ಕೆಟ್ ಕ್ರೇನಿಗೆ ಓಶಾ ಕೇಳುವುದು ಗಟ್ಟಿ ನೆಲದ ಮೇಲೆ 1 ಶೇಕಡಾ ಇಳಿಜಾರಿನೊಳಗೆ ಸಮವಾಗಿ ನಿಂತ, ಔಟ್‌ರಿಗ್ಗರ್ (ಪಕ್ಕಕ್ಕೆ ಚಾಚುವ ಆಧಾರದ ಕಾಲು) ಇದ್ದರೆ ಅವನ್ನೆಲ್ಲ ಚಾಚಿ ಲಾಕ್ ಮಾಡಿದ ಕ್ರೇನ್. ಹೈಡ್ರಾದಲ್ಲಿ ಇದನ್ನು ಹೇಗೆ ಸಾಧಿಸುತ್ತೀರಿ? ಜೇಸಿಬಿ ಬಕೆಟ್, ಫೋರ್ಕ್‌ಲಿಫ್ಟಿನ ಮೇಲೆ ಪ್ಯಾಲೆಟ್ ಇಟ್ಟು ಅದರ ಮೇಲೆ ಆಳು, ಇವನ್ನು ಹೋಲಿಕೆಗೇ ತೆಗೆದುಕೊಳ್ಳಬಾರದು.

ಕ್ರೇನಿನಲ್ಲಿ ಮೂರು ವಿಷಯ ನೋಡಿ. ಹುಕ್ ಬ್ಲಾಕ್ ಬೂಮಿನ ತುದಿಗೆ ಬಡಿಯುವ ಮುಂಚೆ ನಿಲ್ಲಿಸುವ ಸಾಧನ ಇರಬೇಕು, ಕೆಲಸ ಮಾಡಬೇಕು. ಅದು ಬಡಿದರೆ ಹಗ್ಗ ಕತ್ತರಿಸಿ ಬಾಸ್ಕೆಟ್ ಬೀಳುತ್ತದೆ. ಇಳಿಸುವಾಗ ಇಂಜಿನ್ ಅಥವಾ ಹೈಡ್ರಾಲಿಕ್ ಹಿಡಿತದಲ್ಲೇ ಇಳಿಯಬೇಕು, ಬರೀ ಬ್ರೇಕ್ ಬಿಟ್ಟು ಫ್ರೀ ಫಾಲ್ ಇಳಿಸುವ ಹಳೆಯ ಕ್ರಾಲರ್ (ಉಕ್ಕಿನ ಪಟ್ಟೆಯ ಮೇಲೆ ಓಡುವ ಕ್ರೇನ್) ಬೇಡ. ಅದೇ ಕ್ರೇನಿನ ಇನ್ನೊಂದು ಲೈನಿನಲ್ಲಿ ಆ ಹೊತ್ತಿಗೆ ಬೇರೆ ಸಾಮಾನು ಎತ್ತುವ ಹಾಗಿಲ್ಲ.

ತೂಕದ ಲೆಕ್ಕ ಹೀಗೆ. ನೀವು ಬೂಮ್ ಚಾಚುವ ದೂರಕ್ಕೆ ಲೋಡ್ ಚಾರ್ಟ್ (ಎಷ್ಟು ದೂರದಲ್ಲಿ ಎಷ್ಟು ತೂಕ ಎಂಬ ಪಟ್ಟಿ) 6 ಟನ್ ಎಂದರೆ, ಜನರಿಗೆ ಅದು 3 ಟನ್. ಅರ್ಧಕ್ಕಿಂತ ಒಂದು ಕೆಜಿಯೂ ಹೆಚ್ಚಿಲ್ಲ. ಬಾಸ್ಕೆಟ್, ಸ್ಲಿಂಗ್, ಹುಕ್ ಬ್ಲಾಕ್, ಜನ, ಟೂಲ್ಸ್ ಎಲ್ಲ ಆ 3 ಟನ್ನಿನ ಒಳಗೆ. ಸಾಮಾನ್ಯವಾಗಿ ತೂಕ ಒಂದು ಟನ್ನೂ ಬರುವುದಿಲ್ಲ. ಆದರೂ ಈ ಲೆಕ್ಕ ಮಾಡಲೇಬೇಕು. ಕೆಲಸದ ಮಧ್ಯೆ 'ಇನ್ನೂ ನಾಲ್ಕು ಮೀಟರ್ ಮುಂದೆ ಬಾ' ಎಂದಾಗ ಬೂಮ್ ಚಾಚುತ್ತದೆ, ಚಾರ್ಟಿನ ಅಂಕಿ ಸರಸರ ಇಳಿಯುತ್ತದೆ. ಅತಿ ದೂರದ ಬಿಂದುವಿಗೆ ಲೆಕ್ಕ ಹಾಕಿ.

ಬಾಸ್ಕೆಟ್ ಸ್ಥಳೀಯ ವರ್ಕ್‌ಶಾಪಿನಲ್ಲಿ ಆಂಗಲ್ ಬೆಸೆದು ಮಾಡಿದ್ದಾದರೆ ವಾಪಸ್ ಕಳಿಸಿ. ಡಿಸೈನ್ ಗೊತ್ತಿರುವ ಇಂಜಿನಿಯರ್ ಲೆಕ್ಕ ಹಾಕಿರಬೇಕು. ತನ್ನ ತೂಕದ ಜೊತೆಗೆ ಗರಿಷ್ಠ ಭಾರದ 5 ಪಟ್ಟು ತಡೆಯಬೇಕು ಎನ್ನುವುದು ಓಶಾ ಅಳತೆ. ಬಾಗಿಲು ಹೊರಕ್ಕೆ ತೆರೆಯಬಾರದು. ಕೆಳಗೆ ಟೋ ಬೋರ್ಡ್ (ಕಾಲಿನ ಹತ್ತಿರದ ಅಂಚುಪಟ್ಟಿ), ಅಲ್ಲಿಂದ ನಡು ಕಂಬಿಯವರೆಗೆ ತಗಡು ಅಥವಾ ಸಣ್ಣ ಕಣ್ಣಿನ ಜಾಲರಿ. ಒಳಗಡೆ ಹಿಡಿದುಕೊಳ್ಳಲು ಬೇರೆ ಕಂಬಿ ಇರಬೇಕು, ಇಲ್ಲದಿದ್ದರೆ ಜನ ಹೊರಗಿನ ಕಂಬಿ ಹಿಡಿಯುತ್ತಾರೆ, ಗೋಡೆಗೆ ತಾಗಿದಾಗ ಬೆರಳು ಹೋಗುತ್ತದೆ. ಖಾಲಿ ತೂಕ, ಸಾಮರ್ಥ್ಯ ಬರೆದ ಪ್ಲೇಟ್ ಇರಲೇಬೇಕು.

ಬಾಸ್ಕೆಟ್ಟಿಗೆ ನಾಲ್ಕು ಕಾಲಿನ ವೈರ್ ರೋಪ್ ಸ್ಲಿಂಗ್ ಹಾಕಿ. ನೈಲಾನ್ ಬೆಲ್ಟ್ ಬೇಡ, ಒಂದು ಚೂಪು ಅಂಚು, ಒಂದು ವೆಲ್ಡಿಂಗ್ ಕಿಡಿ ಸಾಕು. ಶ್ಯಾಕಲ್ (ಸ್ಲಿಂಗು ಸೇರಿಸುವ ಉಕ್ಕಿನ ಕೊಂಡಿ) ನಟ್ಟು ಮತ್ತು ಪಿನ್ ಇರುವ ಬೋಲ್ಟ್ ಮಾದರಿಯದ್ದಾಗಿರಲಿ. ಹುಕ್ಕಿನ ಬಾಯಿ ಮುಚ್ಚಿ ಲಾಕ್ ಆಗಬೇಕು. ಸ್ಪ್ರಿಂಗ್ ಹೋದ ಹುಕ್ಕಿಗೆ ತಂತಿ ಸುತ್ತುವ ಪದ್ಧತಿ ಸಾಮಾನಿಗೇ ತಪ್ಪು, ಜನರಿಗಂತೂ ಕೇಳಲೇಬೇಡಿ. ಈ ಸ್ಲಿಂಗು ಬಾಸ್ಕೆಟ್ಟಿಗೆ ಮಾತ್ರ ಮೀಸಲು. ನಿನ್ನೆ ಕಬ್ಬಿಣದ ಸರಳಿನ ಕಟ್ಟು ಎತ್ತಿದ ಸ್ಲಿಂಗನ್ನು ಇವತ್ತು ಇದಕ್ಕೆ ಹಾಕುವ ಹಾಗಿಲ್ಲ. ಬಣ್ಣ ಹಚ್ಚಿ ಬೇರೆ ಪೆಟ್ಟಿಗೆಯಲ್ಲಿ ಬೀಗ ಹಾಕಿಡಿ.

ಜನ ಹತ್ತುವ ಮುಂಚಿನ ಪರೀಕ್ಷೆ

ಸಮಯ ಉಳಿಸಲು ಎಲ್ಲರೂ ಬಿಡುವುದು ಇದನ್ನೇ. ನಾನು ಒಂದಿಂಚೂ ಬಿಡದಿರುವುದು ಕೂಡ ಇದನ್ನೇ.

ಸೈಟಿಗೆ ಬಾಸ್ಕೆಟ್ ಬಂದ ಮೇಲೆ ಪ್ರೂಫ್ ಟೆಸ್ಟ್. ಸಾಮರ್ಥ್ಯದ 125 ಶೇಕಡಾ ಭಾರ ಸಮವಾಗಿ ಹಾಕಿ, ಎತ್ತಿ, 5 ನಿಮಿಷ ತೂಗಿಸಬೇಕು. 320 ಕೆಜಿ ಬಾಸ್ಕೆಟ್ಟಿಗೆ 400 ಕೆಜಿ ಬೇಕು, ಅಂದರೆ 50 ಕೆಜಿಯ 8 ಸಿಮೆಂಟ್ ಚೀಲ. ಇಳಿಸಿದ ಮೇಲೆ ವೆಲ್ಡ್, ಕೊಂಡಿ, ಸ್ಲಿಂಗು ಎಲ್ಲ ನೋಡಿ. ಆಮೇಲೆ ಟ್ರಯಲ್ ಲಿಫ್ಟ್. ಆಳಿಲ್ಲದೆ, ಆಳಿನಷ್ಟೇ ತೂಕ ಇಟ್ಟು, ನೆಲದಿಂದ ಕೆಲಸದ ಜಾಗದವರೆಗೆ ಅದೇ ದಾರಿಯಲ್ಲಿ ಕಳಿಸಿ ತರಬೇಕು. ಹಗ್ಗ ಸಿಕ್ಕುತ್ತದಾ, ಬೂಮ್ ಎಲ್ಲಾದರೂ ತಾಗುತ್ತದಾ, ಆಪರೇಟರಿಗೆ ಎಲ್ಲಿ ಕಣ್ಮರೆ ಆಗುತ್ತದೆ ಎಂಬುದೆಲ್ಲ ಆಗಲೇ ಗೊತ್ತಾಗುವುದು. ಪ್ರತಿ ಶಿಫ್ಟಿಗೂ ಇದು ಬೇಕು. ಕ್ರೇನ್ ಜಾಗ ಬದಲಾಯಿಸಿದರೆ ಅಥವಾ ದಾರಿ ಬದಲಾದರೆ ಮತ್ತೆ ಬೇಕು. ಕೆಳಗೆ ಬಂದಾಗ ಹಗ್ಗ ಡ್ರಮ್ಮಿನ ಮೇಲೆ ಸರಿಯಾಗಿ ಕೂತಿದೆಯಾ, ಒಂದಕ್ಕೊಂದು ಸುತ್ತಿಕೊಂಡಿದೆಯಾ ನೋಡಿ.

ಗಾಳಿಗೆ ಓಶಾ ಇಟ್ಟಿರುವ ಗೆರೆ ಗಂಟೆಗೆ 20 ಮೈಲಿ, ಅಂದರೆ 32 ಕಿಮೀ. ಅದನ್ನು ದಾಟಿದರೆ ಬಲ್ಲವರೊಬ್ಬರು ನೋಡಿ, ಸುರಕ್ಷಿತ ಅಲ್ಲ ಎನಿಸಿದರೆ ನಿಲ್ಲಿಸಬೇಕು. ನನ್ನ ಮಟ್ಟಿಗೆ 25 ಕಿಮೀ ಬಂದಾಗಲೇ ಇಳಿಸಿಬಿಡುವುದು ಮೇಲು. ಅಳೆಯುವುದು ಬಾಸ್ಕೆಟ್ ಇರುವ ಎತ್ತರದಲ್ಲಿ. ನೆಲದ ಮೇಲೆ ಎಲೆ ಅಲ್ಲಾಡದೆ ಇರುವಾಗಲೂ 60 ಮೀಟರ್ ಮೇಲೆ ಬೇರೆಯೇ ಹವೆ ಇರುತ್ತದೆ. ಚಿತ್ರದುರ್ಗ, ಗದಗದ ಗುಡ್ಡಗಳಲ್ಲಿ ವಿಂಡ್ ಟರ್ಬೈನ್ ರೆಕ್ಕೆ ರಿಪೇರಿಗೆ ಬಾಸ್ಕೆಟ್ ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಗಾಳಿ ಜಾಸ್ತಿ ಇದೆ ಎಂದೇ ತಾನೆ ಅಲ್ಲಿ ಟರ್ಬೈನ್ ನಿಲ್ಲಿಸಿರುವುದು? ಅಲ್ಲಿಗೆ ಹಗ್ಗದ ತಂಡವೇ ವಾಸಿ.

ವಿದ್ಯುತ್ ಲೈನ್ 350 ಕೆವಿವರೆಗೆ ಇದ್ದರೆ 20 ಅಡಿ, ಅದಕ್ಕಿಂತ ಹೆಚ್ಚಿದ್ದರೆ 50 ಅಡಿ ದೂರ. ನಮ್ಮ 400 ಕೆವಿ ಲೈನುಗಳು ಎರಡನೆಯದಕ್ಕೆ ಬರುತ್ತವೆ. ಇನ್ನೊಂದು ವಿಷಯ ವೆಲ್ಡಿಂಗ್. ಅರ್ತ್ ಕೇಬಲ್ ದೂರದ ಯಾವುದೋ ಕಬ್ಬಿಣಕ್ಕೆ ಹಾಕಿದರೆ ಕರೆಂಟು ಬಾಸ್ಕೆಟ್, ಸ್ಲಿಂಗು, ಕ್ರೇನ್ ಹಗ್ಗದ ಮೂಲಕ ವಾಪಸ್ ಹೋಗುವ ದಾರಿ ಹುಡುಕುತ್ತದೆ. ಹಗ್ಗದ ಎಳೆಗಳು ಒಳಗೇ ಸುಡುತ್ತವೆ. ಬೆಸೆಯುವ ತುಂಡಿಗೇ ಅರ್ತ್ ಹಾಕಿ. ಹೋಲ್ಡರ್ ಬಾಸ್ಕೆಟ್ಟಿಗೆ ತಾಗದ ಹಾಗೆ ಮುಚ್ಚಿಡಿ.

ಮಾತು, ಬೆಲ್ಟು, ಇಳಿಸುವ ದಾರಿ

ಕ್ರೇನಿಗೆ ಸಿಗ್ನಲ್ ಕೊಡುವವನು ಒಬ್ಬನೇ. ವಾಕಿಟಾಕಿ ಬೇರೆ ಚಾನೆಲ್‌ನಲ್ಲಿ. ಖಲಾಸಿಗಳ ಹಾಬಿಸ್, ಆರಿಯಾ ಆಗಲಿ, ಕನ್ನಡದ ಮೇಲೆ, ಕೆಳಗೆ ಆಗಲಿ, ಮೊದಲೇ ಒಂದನ್ನು ಒಪ್ಪಿಕೊಳ್ಳಿ. ಆಪರೇಟರ್ ಬಿಹಾರದವನು, ಮೇಲಿರುವವನು ರಾಯಚೂರಿನವನು ಇರುವುದು ಸಾಮಾನ್ಯ. "ಇಳಿಸು, ಇಳಿಸು, ಇಳಿಸು" ಎಂದು ಹೇಳುತ್ತಲೇ ಇರಬೇಕು, ದನಿ ನಿಂತ ಕೂಡಲೇ ಕ್ರೇನೂ ನಿಲ್ಲಬೇಕು. ಆಗ ಬ್ಯಾಟರಿ ಸತ್ತರೂ ಬಾಸ್ಕೆಟ್ ನಿಂತಲ್ಲೇ ನಿಲ್ಲುತ್ತದೆ. ಜನ ಮೇಲಿರುವಷ್ಟು ಹೊತ್ತು ಆಪರೇಟರ್ ಕ್ಯಾಬಿನ್ ಬಿಡುವ ಹಾಗಿಲ್ಲ. ಚಹಾ ಅಲ್ಲಿಗೇ ತರಿಸಿಕೊಡಿ.

ಬಾಸ್ಕೆಟ್ಟಿನಲ್ಲಿರುವವರು ಬೆಲ್ಟನ್ನು ಬಾಸ್ಕೆಟ್ಟಿನ ಒಳಗಿನ ಗಟ್ಟಿ ಕೊಂಡಿಗೆ ಹಾಕಬೇಕು. ಕೆಲವರು 'ಕಟ್ಟಡ ಗಟ್ಟಿ ಇದೆ' ಎಂದು ಹೊರಗಿನ ಬೀಮಿಗೆ ಹಾಕುತ್ತಾರೆ. ಆಗ ಕ್ರೇನ್ ಸ್ವಲ್ಪ ಅಲುಗಿದರೂ ಆಳು ಎರಡರ ನಡುವೆ ಎಳೆದಾಡಿಹೋಗುತ್ತಾನೆ. ಏರುವಾಗ ಇಳಿಯುವಾಗ ಕೈ, ತಲೆ ಎಲ್ಲ ಒಳಗೆ. ಬಾಸ್ಕೆಟ್ಟಿನಿಂದ ಕಟ್ಟಡಕ್ಕೆ ದಾಟುವುದಿದ್ದರೆ ಬಾಸ್ಕೆಟ್ಟನ್ನು ಮೊದಲು ಕಟ್ಟಡಕ್ಕೆ ಕಟ್ಟಿ. ಇಲ್ಲದಿದ್ದರೆ ಕಾಲಿಟ್ಟ ಕೂಡಲೇ ತೊಟ್ಟಿಲ ಹಾಗೆ ಹಿಂದಕ್ಕೆ ಜಾರುತ್ತದೆ. ಬಿಚ್ಚುವುದನ್ನು ಮರೆತು ಎತ್ತಿದರೆ ಇನ್ನೂ ಕೆಟ್ಟದ್ದು, ಹಾಗಾಗಿ ಬಿಚ್ಚಿದ್ದನ್ನು ಸಿಗ್ನಲ್‌ಮ್ಯಾನ್ ಕಣ್ಣಾರೆ ನೋಡಬೇಕು.

ಇಂಜಿನ್ ಕೆಟ್ಟರೆ ಏನು ಎಂಬ ಉತ್ತರ ಕೆಲಸದ ಪರ್ಮಿಟ್ಟಿನ (ಅನುಮತಿ ಪತ್ರದ) ಮೇಲೆ ಬರೆದಿರಬೇಕು. ಆ ಎತ್ತರಕ್ಕೆ ಮುಟ್ಟುವ ಎರಡನೇ ಕ್ರೇನ್ ಇದೆಯಾ? ಬಾಸ್ಕೆಟ್ಟಿನಲ್ಲೇ ಇಳಿಯುವ ಹಗ್ಗದ ಸಾಧನ ಇಟ್ಟು, ಅದನ್ನು ಬಳಸಲು ಗೊತ್ತಿರುವವನನ್ನೇ ಕಳಿಸಿದ್ದೀರಾ? 'ಫೈರ್ ಬ್ರಿಗೇಡಿಗೆ ಫೋನ್ ಮಾಡುತ್ತೇವೆ' ಎಂದು ಬರೆದ ಪರ್ಮಿಟ್ಟಿಗೆ ಸಹಿ ಹಾಕಬೇಡಿ.

ಸಮುದ್ರದ ಮೇಲಿನ ಬುಟ್ಟಿ ಬೇರೆ

ಗಲ್ಫ್‌ನಲ್ಲಿ ಆಫ್‌ಶೋರ್ ಕೆಲಸಕ್ಕೆ ಹೋಗುವ ನಮ್ಮ ಹುಡುಗರು ಕೇಳುತ್ತಾರೆ, ದೋಣಿಯಿಂದ ರಿಗ್ಗಿಗೆ ಎತ್ತುವ ಹಗ್ಗದ ಬಲೆಯ ಬುಟ್ಟಿಗೂ ಇವೇ ನಿಯಮವಾ ಎಂದು. ಅಲ್ಲ. ಅದು ಜನರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸಲು, ಅದರಲ್ಲಿ ನಿಂತು ಕೆಲಸ ಮಾಡಲು ಅಲ್ಲ. ಹಳೆಯ ಬಲೆ ಮಾದರಿಯಲ್ಲಿ ಹೊರಗಿನ ಬಳೆಯ ಮೇಲೆ ನಿಂತು ಒಳಮುಖವಾಗಿ ಬಲೆಯನ್ನು ತಬ್ಬಿ ಹಿಡಿಯುತ್ತಾರೆ, ಬ್ಯಾಗು ಮಧ್ಯದಲ್ಲಿ. ಅಲ್ಲಿ ಲೈಫ್ ಜಾಕೆಟ್ ಮುಖ್ಯ. ನೀರಿಗೆ ಬಿದ್ದರೆ ಬುಟ್ಟಿಯ ಜೊತೆ ಮುಳುಗಬಾರದಲ್ಲ. ಆ ಅಭ್ಯಾಸವನ್ನು ನೆಲದ ಮೇಲಿನ ಬಾಸ್ಕೆಟ್ಟಿಗೆ ತರಬೇಡಿ, ಇಲ್ಲಿಯದನ್ನು ಅಲ್ಲಿಗೂ ಒಯ್ಯಬೇಡಿ.

ಬಾಡಿಗೆಗೆ ಮಾತಾಡುವಾಗ

ಬೂಮ್ ಲಿಫ್ಟ್ ಮತ್ತು ಕ್ರೇನ್ ಬಾಸ್ಕೆಟ್ ಎರಡೂ ಸಾಧ್ಯ ಎನ್ನುವ ಕಡೆ ಬೂಮ್ ಲಿಫ್ಟನ್ನೇ ತರಿಸಿ, ಒಂದು ದಿನ ಕಾದರೂ ಪರವಾಗಿಲ್ಲ. ಬಾಸ್ಕೆಟ್ಟಿನ ನಿಜವಾದ ಖರ್ಚು ಹಾಕಿ ನೋಡಿ. ಪ್ರೂಫ್ ಟೆಸ್ಟ್, ದಿನವೂ ಟ್ರಯಲ್ ಲಿಫ್ಟ್, ಸಿಗ್ನಲ್‌ಮ್ಯಾನ್, ರಿಗ್ಗರ್, ಕೆಳಗೆ ಬ್ಯಾರಿಕೇಡ್ ಕಾಯುವವನು, ಆ ಹೊತ್ತಿಗೆ ಬೇರೆ ಯಾವ ಸಾಮಾನೂ ಎತ್ತದೆ ನಿಂತ ಕ್ರೇನ್. ಅರ್ಧ ಗಂಟೆಯ ಬೋಲ್ಟಿಗೆ ಅರ್ಧ ದಿನ ಹೋಗುತ್ತದೆ. ಕ್ರೇನ್ ಹೇಗೂ ಇದೆ, ಪುಕ್ಕಟೆ ಎನ್ನುವ ಲೆಕ್ಕ ಅಲ್ಲಿಗೆ ಮುಗಿಯಿತು.

ಬಾಸ್ಕೆಟ್ ಬಿಟ್ಟು ಬೇರೆ ದಾರಿ ಇಲ್ಲದಿದ್ದರೆ, ಕ್ರೇನ್ ಮಾಲೀಕರಿಗೆ ಫೋನಿನಲ್ಲೇ ಹೇಳಿ, "ಆಳು ಎತ್ತಲು ಬೇಕು." ಸುಮ್ನೆ 'ಐವತ್ತು ಟನ್ ಕ್ರೇನ್ ಕಳಿಸಿ' ಎಂದರೆ ಯಾವುದೋ ಹಳೆಯದು ಬಂದು ನಿಲ್ಲುತ್ತದೆ, ಅದನ್ನು ವಾಪಸ್ ಕಳಿಸಲು ಆಗ ಯಾರಿಗೂ ಮನಸ್ಸು ಬರುವುದಿಲ್ಲ. ಕ್ರೇನ್ ತಯಾರಕರ ಮ್ಯಾನುಯಲ್‌ನಲ್ಲಿ ಜನರನ್ನು ಎತ್ತಲು ಅನುಮತಿ ಇದೆಯಾ, ಲೋಡ್ ಚಾರ್ಟ್ ಕ್ಯಾಬಿನ್ನಿನಲ್ಲಿ ಇದೆಯಾ, ಹಗ್ಗ ಬದಲಿಸಿದ್ದು ಯಾವಾಗ, ಆಪರೇಟರ್ ಬಾಸ್ಕೆಟ್ ಎತ್ತಿದ ಅನುಭವ ಇರುವವನಾ ಎಂದು ಕೇಳಿ. ಸರ್ಟಿಫಿಕೇಟಿನ ಫೋಟೋ ಗಾಡಿ ಹೊರಡುವ ಮುಂಚೆಯೇ ವಾಟ್ಸಾಪಿನಲ್ಲಿ ತರಿಸಿಕೊಳ್ಳಿ. ಚಾಸಿ ನಂಬರು ಗೇಟಿಗೆ ಬಂದ ಕ್ರೇನಿನ ನಂಬರಿಗೆ ಹೊಂದುತ್ತದೆಯಾ ಎಂದು ಗೇಟಿನಲ್ಲೇ ನೋಡಿ, ಹೊಂದದಿದ್ದರೆ ಒಳಗೆ ಬಿಡಬೇಡಿ.